ಪೊಂಟಿಯಾನಕ್: ಮಳೆಯನ್ನು ಕುಡಿಯುವ ಊರಿನಲ್ಲಿ ಆರು ದಿನ

ನಮ್ಮ ಮನೆಯಂಗಳದ ತೆಂಕು ಮೂಲೆಯಲ್ಲಿ ಒಂದು ಮಳೆಮಾಪಕ ಉಂಟು. ಬೆಳಿಗ್ಗೆ ಏಳೂವರೆಗೆ ಅದರ ನೀರನ್ನು ಅಳೆದು ಡೈರಿಯಲ್ಲಿ ಬರೆದಿಡುವುದು ಅಪ್ಪ ಹಾಕಿಕೊಟ್ಟ ರೂಢಿ. ಸುಳ್ಯ, ಪುತ್ತೂರು ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಇಂಥ ಡೈರಿಗಳು ಇನ್ನೂ ಹಲವು ಸಿಗುತ್ತವೆ. ಡೈರಿ ಬಿಡಿಸಿದರೆ ನಮ್ಮ ವರ್ಷ ಹೇಗಿರುತ್ತದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಸೊನ್ನೆಗಳ ಸಾಲು, ಏಪ್ರಿಲ್‌ನಲ್ಲಿ ಅಲ್ಲೊಂದು ಇಲ್ಲೊಂದು ಅಂಕಿ, ಜೂನ್ ಬಂತೆಂದರೆ ಸೊನ್ನೆಯೇ ಕಾಣೆ. ಮೇ ತಿಂಗಳ ಪುಟಗಳಲ್ಲಿ ಅಂಕಿಗಿಂತ ಹೆಚ್ಚು ಇರುವುದು ಅಪ್ಪನ ಟಿಪ್ಪಣಿ: "ಪಡುವಣದಲ್ಲಿ ಮೋಡ. ಬರಲಿಲ್ಲ." "ಇಂದೂ ಇಲ್ಲ." ನಾನು ಮಳೆಗೆ ಕಾಯುವುದನ್ನು ಕಲಿತದ್ದು ಆ ಪುಟಗಳಿಂದ.

ಸಿಂಗಾಪುರದಲ್ಲಿ ಕೆಲಸ ಮಾಡುವ ನನ್ನ ಅಳಿಯ, ತಂಗಿಯ ಮಗ, ಫೋನಿನಲ್ಲಿ ಆಗಾಗ ಹೇಳುತ್ತಿದ್ದ. "ಮಾವ, ಇಲ್ಲಿ ಮಳೆಗಾಲ ಅಂತ ಬೇರೆ ಇಲ್ಲ. ನಿಮ್ಮ ಡೈರಿಯ ಹನ್ನೆರಡು ತಿಂಗಳೂ ಒಂದೇ ತರ ಕಾಣ್ತದೆ." ಮಳೆಗೆ ಕಾಯಬೇಕಾಗಿಲ್ಲದ ಜನ ಹೇಗೆ ಬದುಕುತ್ತಾರೆಂದು ನೋಡುವ ಆಸೆ ಅಂದೇ ಹುಟ್ಟಿತು. ಸಿಂಗಾಪುರ ಭೂಮಧ್ಯರೇಖೆಗೆ ಹತ್ತಿರವೇ. ಆದರೂ ಗೆರೆ ಅಲ್ಲಿಂದ ತೆಂಕಕ್ಕೆ ನೂರ ನಲವತ್ತು ಕಿ.ಮೀ. ದೂರ. ನನಗೆ ಗೆರೆಯ ಮೇಲೆಯೇ ಕೂತ ಊರು ಬೇಕಿತ್ತು. ಅಂಥದ್ದು ಇಂಡೊನೇಷ್ಯಾದಲ್ಲಿದೆ. ಬೋರ್ನಿಯೋ ದ್ವೀಪದ ಪಶ್ಚಿಮ ಕಾಲಿಮಂತನ್ ಪ್ರಾಂತ್ಯದ ರಾಜಧಾನಿ, ಪೊಂಟಿಯಾನಕ್.

ಸೆಪ್ಟೆಂಬರ್ 20. ಮಳೆ: 0

ಸಿಂಗಾಪುರದಿಂದ ಜಕಾರ್ತಾ, ಅಲ್ಲಿಂದ ಒಂದೂವರೆ ಗಂಟೆ ಹಾರಿ ಸುಪಾಡಿಯೊ ವಿಮಾನ ನಿಲ್ದಾಣ. ಕಿಟಕಿಯಿಂದ ಕಂಡ ನೆಲ ಅಂಗೈಯಷ್ಟು ಚಪ್ಪಟೆ. ಅದರ ನಡುವೆ ಕಷಾಯದ ಬಣ್ಣದ ನದಿಯೊಂದು ಅಡ್ಡಾದಿಡ್ಡಿ ಹರಿದು ಕಡಲಿನತ್ತ ಹೋಗಿತ್ತು. ಅದು ಕಾಪುವಾಸ್, 1,143 ಕಿ.ಮೀ. ಉದ್ದ, ಇಂಡೊನೇಷ್ಯಾದ ಅತಿ ಉದ್ದದ ನದಿ.

ಬಾಗಿಲು ತೆರೆದು ಹೊರಬಂದಾಗ ಮೂಗಿಗೆ ಬಡಿದ ವಾಸನೆ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ತರಗೆಲೆ ಪೇರಿಸಿ, ಮೇಲೆ ಮಣ್ಣು ಮುಚ್ಚಿ ಸುಡುಮಣ್ಣು ಮಾಡುವಾಗ ಬರುವ ಆ ಕಮಟು ಹೊಗೆ. ವರ್ಷವಿಡೀ ಮಳೆ ಬರುವ ಊರಿನಲ್ಲಿ ಸುಟ್ಟ ಮಣ್ಣಿನ ವಾಸನೆ ಎಲ್ಲಿಂದ? ಟ್ಯಾಕ್ಸಿಯವನನ್ನು ಕೇಳಿ ಅಳಿಯ ಹೇಳಿದ: "ಹನ್ನೆರಡು ದಿನ ಆಯ್ತಂತೆ ಮಾವ, ಮಳೆ ಇಲ್ಲದೆ. ಎಲ್ಲಿಯೋ ಗಂಬುತ್ ಹತ್ತಿಕೊಂಡಿದೆಯಂತೆ."

ಗಂಬುತ್ ಅಂದರೆ ಈ ಪ್ರದೇಶದ ನೆಲವೇ. ಸಾವಿರಾರು ವರ್ಷ ಜೌಗಿನಲ್ಲಿ ಬಿದ್ದ ಮರ, ಬೇರು, ಎಲೆಗಳು ಪೂರ್ತಿ ಕೊಳೆಯದೆ ಮೀಟರುಗಟ್ಟಲೆ ದಪ್ಪಕ್ಕೆ ಕೂತ ಕಪ್ಪು ಪದರ. ನೀರು ತುಂಬಿರುವವರೆಗೆ ಅದು ಸ್ಪಂಜಿನ ಹಾಗೆ. ಕಾಲುವೆ ತೋಡಿ ನೀರು ಬಸಿದರೆ, ಮೇಲೆ ಎರಡು ಮೂರು ವಾರ ಮಳೆ ತಪ್ಪಿದರೆ, ಅದೇ ನೆಲ ಕಟ್ಟಿಗೆಯಾಗುತ್ತದೆ. ಬೆಂಕಿ ಕಾಣುವುದಿಲ್ಲ, ನೆಲದೊಳಗೇ ಹರಿದು ಬೇರೆಲ್ಲೋ ಹೊಗೆಯಾಗಿ ಏಳುತ್ತದೆ. ಕಡಲು ಬಿಸಿಯಾಗಿ ಇಲ್ಲಿಯ ಮಳೆ ಕುಂದಿಸುವ ಎಲ್ ನಿನೋ ಬಂದ 1997ರಲ್ಲಿ, ಮತ್ತೆ 2015ರಲ್ಲಿ, ಇಲ್ಲಿನ ಹೊಗೆ ಮಲೇಷ್ಯಾ, ಸಿಂಗಾಪುರಗಳನ್ನೂ ಮುಚ್ಚಿತ್ತು.

ನಾವು ಉಳಿದದ್ದು ಅಳಿಯನ ಸಹೋದ್ಯೋಗಿಯೊಬ್ಬನ ತಾಯಿಯ ಮನೆಯಲ್ಲಿ. ನದಿ ದಂಡೆಯ ಓಣಿ, ಕಂಬಗಳ ಮೇಲೆ ನಿಂತ ಮರದ ಮನೆ, ಕೆಳಗೆ ಉಬ್ಬರದ ನೀರು ಬಂದು ಹೋಗುವ ಕೆಸರು. ಹಿರಿಯ ಹೆಂಗಸರನ್ನು ಇಲ್ಲಿ ಇಬು ಎನ್ನುತ್ತಾರೆ, ನಮ್ಮ ಅಮ್ಮ ಎಂಬ ಹಾಗೆ. ಇಬು ನನ್ನನ್ನು ಪಾಕ್ ಎಂದರು, ಹಿರಿಯ ಗಂಡಸರನ್ನು ಕರೆಯುವ ಹಾಗೆ. ಸ್ನಾನಕ್ಕೆ ಹೋದರೆ ಸಾಬೂನು ನೊರೆ ಬರಲೊಲ್ಲದು. ಬಾಯಿಗೆ ಹಾಕಿ ನೋಡಿದೆ. ಉಪ್ಪು.

ರಾತ್ರಿ ಮಲಗುವ ಮುಂಚೆ, ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಗಾಜಿನ ಲೋಟ ಒಂದನ್ನು ಕೇಳಿ ಪಡೆದು, ಮೆಟ್ಟಿಲ ಪಕ್ಕದ ತೆರೆದ ಹಲಗೆಯ ಮೇಲೆ ಇಟ್ಟೆ. ಅಂಥ ಪಾತ್ರೆಯೊಂದು, ಒಂದು ಸ್ಕೇಲು ಇದ್ದರೆ ಮಳೆ ಅಳೆಯಲು ಬೇರೇನೂ ಬೇಡ.

ಸೆಪ್ಟೆಂಬರ್ 21. ಮಳೆ: 0

ಬೆಳಗಾದದ್ದು ಐದೂವರೆಗೆ. ಇಲ್ಲಿ ಸೂರ್ಯ ನಮ್ಮಲ್ಲಿಯ ಹಾಗೆ ಓರೆಯಾಗಿ ಏರುವುದಿಲ್ಲ, ಬಾವಿಯಿಂದ ಕೊಡ ಸೇದಿದಂತೆ ನೆಟ್ಟಗೆ ಮೇಲೆ ಬರುತ್ತಾನೆ. ಹಾಗಾಗಿ ಮುಂಜಾವ ಎಂಬುದು ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ. ಏಳಕ್ಕೆ ಹಿತವಾದ ಬಿಸಿಲು. ಒಂಬತ್ತಕ್ಕೆ ಅಂಗಿ ಬೆನ್ನಿಗಂಟುತ್ತದೆ. ಹನ್ನೊಂದರಿಂದ ಎರಡರವರೆಗೆ ಓಣಿಯಲ್ಲಿ ನಾಯಿಯೂ ನಡೆಯುವುದಿಲ್ಲ. ಮೂರರ ಹೊತ್ತಿಗೆ ಮೂಡಣದ ಒಳನಾಡಿನ ಮೇಲೆ ಮೋಡ ಹೂಕೋಸಿನ ಹಾಗೆ ಅರಳತೊಡಗಿತು. ನಾಲ್ಕಕ್ಕೆ ಅದರ ಬುಡ ಕಪ್ಪಾಯಿತು. ಐದಕ್ಕೆ ದೂರದಲ್ಲಿ ಗುಡುಗು. ನಾನು ಲೋಟದ ಪಕ್ಕ ಕೂತಿದ್ದೆ. ಐದು ಮುಕ್ಕಾಲಿಗೆ ಸೂರ್ಯ ಮುಳುಗಿಯಾಗಿತ್ತು, ಮೋಡ ಬೇರೆಲ್ಲೋ ಸುರಿದು ಕರಗಿತ್ತು.

ವರ್ಷದ ಯಾವ ದಿನ ಬಂದರೂ ಬಿಸಿಲಿನ ಲೆಕ್ಕ ಇದೇ. ಕನಿಷ್ಠ 23-24 ಡಿಗ್ರಿ, ಗರಿಷ್ಠ 31-33. ಅತಿ ಸೆಕೆಯ ತಿಂಗಳಿಗೂ ಅತಿ ತಂಪಿನ ತಿಂಗಳಿಗೂ ಸರಾಸರಿಯಲ್ಲಿ ಇರುವ ಅಂತರ ಒಂದು ಡಿಗ್ರಿಯ ಆಸುಪಾಸು. ಬೆಳಗಿನ ಐದಕ್ಕೂ ಮಧ್ಯಾಹ್ನ ಒಂದಕ್ಕೂ ಇರುವ ಅಂತರವಾದರೆ ಎಂಟು ಒಂಬತ್ತು ಡಿಗ್ರಿ. ನಾವು ಮಕರ ಸಂಕ್ರಮಣದ ಚಳಿಯಿಂದ ಮೇ ತಿಂಗಳ ಧಗೆಗೆ ನಡೆದುಹೋಗಲು ನಾಲ್ಕೈದು ತಿಂಗಳು ತೆಗೆದುಕೊಳ್ಳುತ್ತೇವೆ. ಇಲ್ಲಿಯವರು ಅದಕ್ಕಿಂತ ದೊಡ್ಡ ಪಯಣವನ್ನು ದಿನವೂ ಊಟದ ಹೊತ್ತಿಗೆ ಮುಗಿಸುತ್ತಾರೆ.

ಬೆಳಿಗ್ಗೆ ಇಬು ನನ್ನನ್ನು ಅಡುಗೆಮನೆಯ ಹಿಂಬದಿಗೆ ಕರೆದರು. ಮಾಡಿನ ಇಳಿಜಾರಿನ ಕೆಳಗೆ ಸಾಲಾಗಿ ಆರು ಮಣ್ಣಿನ ಜಾಡಿ, ಪ್ರತಿಯೊಂದೂ ನನ್ನ ಸೊಂಟದೆತ್ತರ, ಹೊರಗೆ ಕಂದು ಬಣ್ಣದ ಹೊಳಪು. ಇದಕ್ಕೆ ತೆಂಪಾಯನ್ ಎನ್ನುತ್ತಾರೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮೇಲೆ ಮರದ ಮುಚ್ಚಳ. ಸೂರಿನಂಚಿಗೆ ತಗಡಿನ ದೋಣಿ, ಅದರ ಕೊನೆಗೆ ಬೇಕಾದ ಕಡೆ ತಿರುಗಿಸುವ ಕೊಳವೆ. ಇಬು ಮೊದಲ ಜಾಡಿಯ ಮುಚ್ಚಳ ತೆಗೆದು ಬೆರಳುಗೆಣ್ಣಿನಿಂದ ಬಡಿದರು. ಟೊಳ್ಳು ಸದ್ದು. ಎರಡನೆಯದು, ಮೂರನೆಯದು, ನಾಲ್ಕನೆಯದೂ ಹಾಗೆಯೇ. ಐದನೆಯದರಲ್ಲಿ ಅರ್ಧ. ಆರನೆಯದರ ಬಟ್ಟೆ ಬಿಚ್ಚಲಿಲ್ಲ, ಅಂಗೈ ಇಟ್ಟು ತೋರಿಸಿದರು ಅಷ್ಟೇ.

ಅವರ ಮಾತನ್ನು ಅಳಿಯ ಕನ್ನಡಕ್ಕೆ ತಂದ: "ಕುಡಿಯೋದಕ್ಕೆ, ಅನ್ನಕ್ಕೆ, ಚಹಾಕ್ಕೆ ಎಲ್ಲ ಮಳೆ ನೀರೇ ಅಂತೆ ಮಾವ. ನಳ್ಳಿ ನೀರು ಬರೀ ಮೀಯ್ಲಿಕ್ಕೆ, ತೊಳೀಲಿಕ್ಕೆ."

ಸಂಗತಿ ಹೀಗಿದೆ. ಊರು ಸಮುದ್ರಮಟ್ಟಕ್ಕಿಂತ ಒಂದು ಮೀಟರಿನಷ್ಟೇ ಎತ್ತರ. ಗಂಬುತ್ ನೆಲದಲ್ಲಿ ಬಾವಿ ತೋಡಿದರೆ ಬರುವುದು ಕಂದು ಬಣ್ಣದ ಹುಳಿ ನೀರು. ಉಳಿದದ್ದು ನದಿ. ಮೇಲಿನ ಕಾಡಿನಲ್ಲಿ ಮಳೆ ಕಡಿಮೆಯಾಗಿ ಕಾಪುವಾಸಿನ ಬಲ ಕುಂದಿದಾಗ, ಉಬ್ಬರದ ಜತೆ ಕಡಲು ನದಿಯೊಳಗೆ ಏರಿ ಬಂದು ನಗರದ ನಳ್ಳಿಗೂ ಸೇರುತ್ತದೆ. ನಮ್ಮ ಕರಾವಳಿಯಲ್ಲಿ ಏಪ್ರಿಲ್ ಮೇಯಲ್ಲಿ ಅಳಿವೆಯ ಹತ್ತಿರದ ಬಾವಿಗಳು ಉಪ್ಪಾಗುವುದು, ಅದನ್ನು ತಡೆಯಲು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಇದೇ ಕಾರಣಕ್ಕೆ. ಆದರೆ ನಮ್ಮಲ್ಲಿ ಹಾಗಾಗಲು ಐದಾರು ತಿಂಗಳ ಒಣಹವೆ ಬೇಕು. ಇಲ್ಲಿಗೆ ಮೂರು ವಾರ ಸಾಕು.

ವರ್ಷಕ್ಕೆ ಸುಮಾರು 3,200 ಮಿ.ಮೀ. ಮಳೆ ಬೀಳುವ ಊರು ಇದು. ಯಾವ ತಿಂಗಳ ಸರಾಸರಿಯೂ ನೂರು ಮಿ.ಮೀ. ಕೆಳಗಿಲ್ಲ. ಆ ಅಂಕಿ ಓದಿಕೊಂಡು ನಾನು ಮಳೆಗೆ ಕಾಯದ ಜನರನ್ನು ನೋಡಲು ಬಂದವನು. ಇಬು ನಾಲ್ಕು ಖಾಲಿ ಜಾಡಿಗಳ ಮೇಲೆ ಮುಚ್ಚಳ ಇಟ್ಟು ಆಕಾಶ ನೋಡಿದ ರೀತಿ ನನಗೆ ಹೊಸದಲ್ಲ. ಮೇ ತಿಂಗಳಲ್ಲಿ ಅಪ್ಪ ಹಾಗೆಯೇ ನೋಡುತ್ತಿದ್ದರು.

ಸಂಜೆ ದೋಣಿಯಲ್ಲಿ ಕಾಪುವಾಸ್ ಮತ್ತು ಲಂಡಾಕ್ ನದಿಗಳು ಸೇರುವ ಮೂಲೆಗೆ ಹೋದೆವು. 1771ರಲ್ಲಿ ಸೈಯದ್ ಮನೆತನದ ಶರೀಫ್ ಅಬ್ದುರ್ರಹಮಾನ್ ಅಲ್ಕಾದ್ರಿ ಈ ಊರು ಕಟ್ಟಿದ್ದು ಇಲ್ಲಿಯೇ. ಕಾಡಿನ ಪ್ರೇತಗಳನ್ನು ಓಡಿಸಲು ಫಿರಂಗಿ ಹಾರಿಸಿ, ಗುಂಡು ಬಿದ್ದಲ್ಲಿ ಮಸೀದಿ, ಅರಮನೆ ಕಟ್ಟಿದನೆಂದು ಕತೆ. ಹೆರಿಗೆಯಲ್ಲಿ ಸತ್ತ ಹೆಣ್ಣಿನ ಪ್ರೇತಕ್ಕೆ ಇರುವ ಹೆಸರೇ ಊರಿಗೂ ಉಳಿಯಿತು. ಹಳೆಯ ಮಸೀದಿಯ ಮರದ ಕಂಬಗಳ ಬಳಿ ಕೂತಿದ್ದ ಹಿರಿಯರೊಬ್ಬರು ಹೇಳಿದ ಮಾತು ನನಗೆ ಆ ಕತೆಗಿಂತ ಹೆಚ್ಚು ಹಿಡಿಸಿತು. ರಂಜಾನ್ ವರ್ಷ ವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಬೇರೆ ದೇಶಗಳಲ್ಲಿ ಉಪವಾಸದ ಹೊತ್ತು ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಇಲ್ಲಿ ಅಜ್ಜ ಹಿಡಿದ ಉಪವಾಸಕ್ಕೂ ಮೊಮ್ಮಗ ಹಿಡಿಯುವ ಉಪವಾಸಕ್ಕೂ ಅಳತೆ ಒಂದೇ, ಸುಮಾರು ಹದಿಮೂರೂವರೆ ಗಂಟೆ. ಹಗಲು ಇಲ್ಲಿ ವರ್ಷವಿಡೀ ಹನ್ನೆರಡು ಗಂಟೆ ಏಳು ನಿಮಿಷ. ಸೂರ್ಯೋದಯದ ಗಳಿಗೆ ಮಾತ್ರ ವರ್ಷದಲ್ಲಿ ಅರ್ಧ ಗಂಟೆಯಷ್ಟು ಹಿಂದೆ ಮುಂದೆ ತೂಗುತ್ತದೆ.

ಸೆಪ್ಟೆಂಬರ್ 22. ಮಳೆ: 0

ಫೆರಿಯಲ್ಲಿ ನದಿ ದಾಟಿದರೆ ಸಿಯಾಂತನ್. ಗೆರೆ ಹಾದುಹೋಗುವುದು ಈ ದಂಡೆಯಲ್ಲಿ. ಅದನ್ನು ನಾಳೆಗೆ ಇಟ್ಟು ಇವತ್ತು ತೋಟ ನೋಡಲು ಹೊರಟೆವು. ಬೇಸಾಯಗಾರನಿಗೆ ಸ್ಮಾರಕಕ್ಕಿಂತ ಮೊದಲು ಮಣ್ಣು ಕಾಣಬೇಕು.

ಸಿಯಾಂತನ್‌ನ ಬೆಳೆ ಲೋಳೆಸರ. ಇಲ್ಲಿಯ ಭಾಷೆಯಲ್ಲಿ ಅದಕ್ಕೆ ಲಿಡಾ ಬುವಾಯಾ ಎನ್ನುತ್ತಾರೆ, ಮೊಸಳೆಯ ನಾಲಿಗೆ ಎಂದರ್ಥ. ನಮ್ಮ ಮನೆಯ ಬೇಲಿಬದಿಯ ಲೋಳೆಸರ ಕಂಡವನಿಗೆ ಇದು ಬೇರೆಯೇ ಗಿಡ ಅನಿಸಿತು. ಎಲೆ ಎಂದರೆ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕೂ ಮೀರಿ, ಬುಡದಲ್ಲಿ ಅಂಗೈ ಅಗಲ, ಒಂದೊಂದು ಎಲೆ ಒಂದು ಕಿಲೋ ತೂಗುತ್ತದೆ. ರೈತ ಕತ್ತಿಯಿಂದ ಒಂದನ್ನು ಕೊಯ್ದು ನನ್ನ ಕೈಗಿತ್ತ. ಕೊಯ್ದ ಬಾಯಿಯಿಂದ ಹಳದಿ ರಸ ಒಸರಿತು. ಸಿಪ್ಪೆ ಸುಲಿದರೆ ಒಳಗೆ ಎಳನೀರ ಗಂಜಿಯ ಹಾಗೆ ನಡುಗುವ ಗಟ್ಟಿ ಲೋಳೆ. ಅದನ್ನು ಚೌಕ ತುಂಡು ಮಾಡಿ ಸಕ್ಕರೆ ಪಾಕದಲ್ಲಿ ಹಾಕಿ, ಮಂಜುಗಡ್ಡೆ ಸೇರಿಸಿ ಕುಡಿಯಲು ಕೊಡುತ್ತಾರೆ. ಆ ಸೆಕೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ನೆಲದ ಮೇಲೆ ಕಾಲಿಟ್ಟರೆ ಹಾಸಿಗೆಯ ಮೇಲೆ ನಡೆದಂತೆ ಒಳಕ್ಕೆ ಕುಸಿಯುತ್ತದೆ. ಹಿಡಿ ತೆಗೆದು ಹಿಂಡಿದೆ. ಮರಳಿಲ್ಲ, ಜೇಡಿಯಿಲ್ಲ, ಬರೀ ಕಪ್ಪು ನಾರು. ನಡುವೆ ಗುರುತಾಗಿ ಉಳಿದ ಬೇರಿನ ತುಂಡು. ಈ ಹುಳಿ ನೆಲವನ್ನು ಸರಿಮಾಡಲು ರೈತರು ಬೂದಿ ಹಾಕುತ್ತಾರೆ. ನಾವು ತೋಟಕ್ಕೆ ಸುಣ್ಣ ಹಾಕಿದ ಹಾಗೆ. ಗಿಡ ಒಂದು ವರ್ಷದ್ದಾದ ಮೇಲೆ ಕೊಯ್ಲು ತಿಂಗಳು ತಿಂಗಳೂ ನಡೆಯುತ್ತದೆ. ಬಿತ್ತುವ ಕಾಲ, ಕೊಯ್ಯುವ ಕಾಲ ಎಂದಿಲ್ಲ. ಈ ತೋಟದಲ್ಲಿ ಕೆಲಸ ಶುರುವಾಗುವ ಹಬ್ಬ ಯಾವುದು, ಮುಗಿಯುವ ಹಬ್ಬ ಯಾವುದು ಎಂದು ಕೇಳಿಸಿದೆ. ರೈತನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅಳಿಯ ಎರಡು ಸಲ ಬೇರೆ ಬೇರೆ ತರ ಕೇಳಿದ. ಕೊನೆಗೆ ಆತ ಹೇಳಿದ್ದು: ಇಲ್ಲಿ ಕಾಲವೆಂದರೆ ಹಣ್ಣಿನ ಕಾಲ. ಡುರಿಯನ್ ಕಾಲ, ರಂಬುಟಾನ್ ಕಾಲ, ಲಂಗ್ಸಾತ್ ಕಾಲ. ಕಾಲಕ್ಕೆ ಅವರ ಪದ ಮುಸಿಮ್. ಅರಬ್ಬಿಯ ಮೌಸಿಮ್‌ನಿಂದ ಬಂದದ್ದು. ಮಾನ್ಸೂನ್ ಎಂಬ ಹೆಸರಿನ ಮೂಲವೂ ಅದೇ. ನಮ್ಮ ಕಡಲಿನ ಗಾಳಿಗೆ ಹೆಸರಾದ ಪದ ಇಲ್ಲಿ ಹಣ್ಣಿನ ಹೆಸರಿನ ಮುಂದೆ ಕೂತಿದೆ.

ನಮ್ಮ ಮಳೆಗೆ ನಕ್ಷತ್ರದ ಹೆಸರು. ಈಗ ಅಲ್ಲಿ ಉತ್ತರೆ ಮಳೆ ನಡೆಯುತ್ತಿದೆ, ಮುಂದಿನ ವಾರ ಹಸ್ತ. ಪುನರ್ವಸು ಎಂದರೆ ಸಾಕು, ಎಷ್ಟು ಸುರಿಯುತ್ತದೆ, ತೋಟದಲ್ಲಿ ಯಾವ ಕೆಲಸ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಎರಡನೇ ಸಲ ಬಿಡಬೇಕೋ ಬೇಡವೋ ಎಲ್ಲ ಆ ಒಂದು ಹೆಸರಿನಲ್ಲಿ ಇರುತ್ತದೆ. ಅಂಥ ಹೆಸರುಗಳಿಲ್ಲದ ವರ್ಷವನ್ನು ನಾನು ನೆನಪಿಟ್ಟುಕೊಳ್ಳುವುದಾದರೂ ಹೇಗೆ ಎಂದು ಆ ತೋಟದ ಬದುವಿನಲ್ಲಿ ನಿಂತು ಬಹಳ ಹೊತ್ತು ಯೋಚಿಸಿದೆ.

ಮರಳುವ ದಾರಿಯಲ್ಲಿ ಒಂದು ಮನೆಯ ಹಿಂದೆ ಅಡಿಕೆ ಮರಗಳು ಕಂಡವು. ನಾನೇ ಗಾಡಿ ನಿಲ್ಲಿಸಿದೆ. ಪಿನಾಂಗ್ ಎನ್ನುತ್ತಾರೆ. ಒಂದೇ ಮರದಲ್ಲಿ ಆಗತಾನೇ ಹಾಳೆ ಬಿಚ್ಚಿದ ಹಿಂಗಾರ, ನಳ್ಳಿ ಎನ್ನುವ ಎಳೆಗಾಯಿ, ಹಸಿ ಗೊನೆ, ಹಣ್ಣು ಗೊನೆ ಎಲ್ಲ ಒಟ್ಟಿಗೆ ಇದ್ದವು. ನಮ್ಮ ಮರಕ್ಕೆ ಮಳೆಗಾಲ, ಬೇಸಿಗೆಯ ಲೆಕ್ಕ ಗೊತ್ತು. ಈ ಮರಕ್ಕೆ ಅದರ ಗೊಡವೆಯೇ ಇಲ್ಲ. ಆದರೆ ಒಣಗಿಸುವುದು? ನಮಗೆ ಚಾಲಿ ಆಗಬೇಕಾದರೆ ನಲವತ್ತು ನಲವತ್ತೈದು ದಿನದ ಒಳ್ಳೆಯ ಬಿಸಿಲು, ಅಂಗಳ ತುಂಬ ಹರವಿ, ದಿನಾ ಕೈಯಾಡಿಸಿ. ಇಲ್ಲಿ ಅಷ್ಟು ದಿನ ಬಿಸಿಲು ಒಟ್ಟಿಗೆ ಸಿಗುವುದುಂಟೆ? ಅಂಗಳದಲ್ಲಿ ಉತ್ತರ ಹರಡಿತ್ತು: ಕಾಯನ್ನು ಎರಡು ಹೋಳು ಮಾಡಿ ಒಣಗಿಸುತ್ತಾರೆ. ಇಂಡೊನೇಷ್ಯಾದ ಅಡಿಕೆ ಮಾರುಕಟ್ಟೆಗೆ ಹೋಳಾಗಿ ಬರುವುದನ್ನು ಕೇಳಿದ್ದೆ, ಅದು ಅಲ್ಲಿಯ ಪದ್ಧತಿ ಎಂದಷ್ಟೇ ತಿಳಿದಿದ್ದೆ. ಸೀಳಿದ ಕಾಯಿ ಬೇಗ ಒಣಗುತ್ತದಲ್ಲ, ಮೋಡ ಬಂದರೆ ಬೇಗ ಬಾಚಿ ಒಳಗೂ ಒಯ್ಯಬಹುದು. ಆ ಹೋಳೊಂದನ್ನು ಜೇಬಿಗೆ ಹಾಕಿಕೊಂಡೆ.

ಸೆಪ್ಟೆಂಬರ್ 23. ಮಳೆ: 0

ನೆರಳಿಲ್ಲದ ದಿನ.

ಸುಳ್ಯದಲ್ಲೂ ಬೆಂಗಳೂರಿನಲ್ಲೂ ಶೂನ್ಯ ನೆರಳಿನ ದಿನ ವರ್ಷಕ್ಕೆ ಎರಡು ಬಾರಿ ಬರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೇ ವಾರದಲ್ಲಿ ಒಮ್ಮೆ. ಏಪ್ರಿಲಿನದನ್ನು ಅಂಗಳದಲ್ಲಿ ಗೂಟ ನೆಟ್ಟು ನೋಡಿದ್ದೇನೆ. ಆಗಸ್ಟಿನದು ಒಮ್ಮೆಯೂ ಸಿಕ್ಕಿಲ್ಲ, ಮಘೆ ಮಳೆಯ ಮೋಡ ಬಿಡುವುದಿಲ್ಲ. ಭೂಮಧ್ಯರೇಖೆಯ ಮೇಲೆ ಆ ಎರಡು ದಿನಗಳು ಬರುವುದು ಹಗಲಿರುಳು ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ. ಎರಡು ಬಾರಿಯೂ 21ರಿಂದ 23ರವರೆಗೆ ಪೊಂಟಿಯಾನಕ್‌ನಲ್ಲಿ ಜನ ಸೇರುತ್ತಾರೆ.

ಸ್ಮಾರಕದ ಹೆಸರು ತುಗು ಖತುಲಿಸ್ತಿವಾ. ಖತುಲಿಸ್ತಿವಾ ಎಂದರೆ ಅರಬ್ಬಿಯಲ್ಲಿ ಸಮನಾಗಿಸುವ ಗೆರೆ. ನಮ್ಮ ಶಾಲೆಯ ಪುಸ್ತಕದ ಸಮಭಾಜಕ ವೃತ್ತವೂ ಅದೇ ಅರ್ಥದ್ದು. 1928ರಲ್ಲಿ ಡಚ್ಚರು ನೆಟ್ಟದ್ದು ಬಾಣದ ಗುರುತಿದ್ದ ಕಂಬ. 1930ರಲ್ಲಿ ಅದಕ್ಕೆ ವೃತ್ತ ಸೇರಿತು, 1938ರಲ್ಲಿ ಸಿಲಾಬನ್ ಎಂಬ ವಾಸ್ತುಶಿಲ್ಪಿ ಈಗಿನ ರೂಪದಲ್ಲಿ ಮತ್ತೆ ಕಟ್ಟಿದರು. ನಾಲ್ಕು ಕಂಬಗಳೂ ಬೆಲಿಯಾನ್ ಮರದವು. ಮೊಳೆ ಹೊಡೆದರೆ ಬಾಗುವಷ್ಟು ಗಟ್ಟಿ. ಇಷ್ಟು ಮಳೆ, ಇಷ್ಟು ಸೆಕೆಯಲ್ಲಿ ಬೇರೆ ಯಾವ ಮರ ನಿಂತೀತು? 1990ರಲ್ಲಿ ಹಳೆಯದನ್ನು ಗುಮ್ಮಟದೊಳಗೆ ಇಟ್ಟು, ಮೇಲೆ ಅದರ ಐದು ಪಟ್ಟು ದೊಡ್ಡ ಪ್ರತಿಕೃತಿ ನಿಲ್ಲಿಸಿದರು. ಒಳಗೆ ಹೋಗಿ ಮೂಲ ಕಂಬದ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು.

ಇತ್ತೀಚಿನ ಅಳತೆಗಳ ಪ್ರಕಾರ ನಿಜವಾದ ಗೆರೆ ಇಲ್ಲಿಂದ ನದಿಯ ಕಡೆಗೆ 117 ಮೀಟರ್ ಆಚೆ ಹಾಯುತ್ತದೆ. ಹಾಗೆಂದು ಕೆಲವರು ಬೇಸರಪಡುತ್ತಾರೆ. ನನಗೆ ಹಾಗನಿಸಲಿಲ್ಲ. ಈ ದಿನಗಳಲ್ಲಿ ಸೂರ್ಯನ ನೆಟ್ಟ ಕಿರಣ ಬೀಳುವ ಜಾಗ ದಿನಕ್ಕೆ ಸುಮಾರು 44 ಕಿ.ಮೀ. ತೆಂಕಕ್ಕೆ ಸರಿಯುತ್ತದೆ. ನಿಮಿಷಕ್ಕೆ ಮೂವತ್ತು ಮೀಟರ್. 117 ಮೀಟರನ್ನು ಅದು ನಾಲ್ಕು ನಿಮಿಷದಲ್ಲಿ ದಾಟಿಬಿಡುತ್ತದೆ. ಕಾಡಿನ ನಡುವೆ ನಕ್ಷತ್ರ ನೋಡಿ, ಕೈಯಲ್ಲಿ ಲೆಕ್ಕ ಹಾಕಿ ಅಷ್ಟು ಹತ್ತಿರ ಬಂದವರ ಕೆಲಸಕ್ಕೆ ನನ್ನ ಗೌರವ ಉಂಟು.

ಹನ್ನೊಂದು ಗಂಟೆಗೆ ಎಲ್ಲರೂ ಹೊರಗೆ ಬಂದರು. ಮಕ್ಕಳು ನೆಲದಲ್ಲಿ ಕೋಳಿಮೊಟ್ಟೆ ನೆಟ್ಟಗೆ ನಿಲ್ಲಿಸುತ್ತಿದ್ದರು. ಗೆರೆಯ ಮೇಲೆ ಮಾತ್ರ ನಿಲ್ಲುತ್ತದೆಂದು ನಂಬಿಕೆ. ತಾಳ್ಮೆಯಿದ್ದರೆ ಮೊಟ್ಟೆ ಸುಳ್ಯದಲ್ಲೂ ನಿಲ್ಲುತ್ತದೆ. ಆದರೆ ಆ ಹುಡುಗಿ ಉಸಿರು ಬಿಗಿಹಿಡಿದು ಎರಡು ಕೈಯನ್ನು ಮೆಲ್ಲನೆ ಬಿಡಿಸಿಕೊಂಡಾಗ ನಾನೂ ಉಸಿರು ಬಿಗಿಹಿಡಿದಿದ್ದೆ. ನಾನು ನನ್ನದೇ ಪರೀಕ್ಷೆಗೆ ಒಂದು ಮೀಟರ್ ಉದ್ದದ ಬಿದಿರ ಕೋಲನ್ನು ತಂದಿದ್ದೆ. ಮಣಿ ಕಟ್ಟಿದ ದಾರ ಹಿಡಿದು ನೆಟ್ಟಗಿದೆಯೋ ನೋಡಿ ನೆಟ್ಟೆ.

ಇಲ್ಲಿ ನಡುಹಗಲು ಹನ್ನೆರಡಕ್ಕಲ್ಲ. ಗಡಿಯಾರ ಹೊಂದಿಸಿರುವುದು 105 ಡಿಗ್ರಿ ರೇಖಾಂಶಕ್ಕೆ, ಪೊಂಟಿಯಾನಕ್ ಇರುವುದು 109 ಡಿಗ್ರಿ 20 ನಿಮಿಷದಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಇಲ್ಲಿ ಹದಿನೇಳು ನಿಮಿಷ ಮುಂದು. ಸೆಪ್ಟೆಂಬರಿನಲ್ಲಿ ಇನ್ನೊಂದು ಏಳೆಂಟು ನಿಮಿಷ ಸೇರಿ 11:35ಕ್ಕೆ ನೆತ್ತಿಗೆ ಬರುತ್ತಾನೆ. ಮಾರ್ಚ್‌ನಲ್ಲಾದರೆ 11:50.

11:20ಕ್ಕೆ ಕೋಲಿನ ನೆರಳು ಪಡುವಣಕ್ಕೆ ನನ್ನ ಕಿರುಬೆರಳಿನಷ್ಟು ಉದ್ದ. ಅದು ಕುಗ್ಗುವುದನ್ನು ಕಣ್ಣಿನಿಂದ ಕಾಣಬಹುದಿತ್ತು. 11:30ಕ್ಕೆ ಅರ್ಧ ಬೆರಳು. ಆಮೇಲೆ ಒಂದು ಉಗುರು. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು, ಒರೆಸಿಕೊಂಡು ನೋಡುವಷ್ಟರಲ್ಲಿ ಕೋಲಿನ ಬುಡದ ಸುತ್ತ ಏನೂ ಇರಲಿಲ್ಲ. ಇರುವೆಯೊಂದು ಬಿದಿರ ಗಂಟಿನ ಕೆಳಗಿಂದ ಹೊರಟು ಬಿಸಿಲಲ್ಲೇ ಕೋಲನ್ನು ಸುತ್ತಿ ಹೋಯಿತು. ಸುತ್ತ ನಿಂತವರ ನೆರಳುಗಳೆಲ್ಲ ಅವರವರ ಪಾದದ ಕೆಳಗೆ ಸೇರಿದ್ದವು. ಧ್ವನಿವರ್ಧಕದಲ್ಲಿ ಯಾರೋ "ತನ್ಪಾ ಬಯಾಂಗಾನ್" ಎಂದರು, ನೆರಳಿಲ್ಲ ಎಂದು. ಜನ ಚಪ್ಪಾಳೆ ತಟ್ಟಿದರು. ಎರಡು ನಿಮಿಷ ಕಳೆದು ಮೂಡಣದ ಬದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಕಾಣಿಸಿತು.

ಇಂಡೊನೇಷ್ಯಾದ ಭಾಷೆಯಲ್ಲಿ ಸಂಸ್ಕೃತದ ಪದಗಳು ಬಹಳ. ಭೂಮಿಗೆ ಬುಮಿ, ಆಕಾಶಕ್ಕೆ ಅಂಗ್ಕಾಸಾ, ಬಡಗಕ್ಕೆ ಉತಾರಾ, ಸಂಧ್ಯೆಗೆ ಸೆನ್ಜಾ, ಗ್ರಹಣಕ್ಕೆ ಗೆರ್ಹಾನಾ. ಫಲಕವೊಂದರಲ್ಲಿ ಚಹಾಯಾ ಎಂಬ ಪದ ಕಂಡು ಛಾಯೆ ಇರಬೇಕೆಂದುಕೊಂಡೆ. ಮೂಲ ಛಾಯೆಯೇ ಹೌದು, ಆದರೆ ಇಲ್ಲಿ ಅದರ ಅರ್ಥ ಬೆಳಕು. ಸಂಸ್ಕೃತದ ಛಾಯೆಗೆ ಕಾಂತಿ ಎಂಬ ಅರ್ಥವೂ ಉಂಟಲ್ಲ, ಕಡಲು ದಾಟಿ ಬಂದದ್ದು ಆ ಅರ್ಥ. ಸೂರ್ಯನ ಹೆಂಡತಿಯಾಗಿ ನಾವು ಕೇಳಿದ ಛಾಯಾದೇವಿ ಈ ಊರಿನಲ್ಲಿ ಬೆಳಕಾಗಿದ್ದಾಳೆ. ಆ ಫಲಕದ ಮುಂದೆ ನನ್ನ ಕಣ್ಣು ತುಂಬಿತು. ಯಾಕೆಂದು ಅಳಿಯನಿಗೆ ಹೇಳಲು ಬರಲಿಲ್ಲ.

ಸೂರ್ಯ ಹೀಗೆ ವರ್ಷಕ್ಕೆ ಎರಡು ಬಾರಿ ನೆತ್ತಿ ದಾಟುವುದೇ ಇಲ್ಲಿಯ ಮಳೆಯ ಗುಟ್ಟು. ಕಾದ ಗಾಳಿ ಮೇಲೇರಿ ಮೋಡ ಕಟ್ಟುವ ಪಟ್ಟಿಯೊಂದು ಭೂಮಿಯ ಸೊಂಟದ ಸುತ್ತ ಉಂಟು. ಅದು ಸೂರ್ಯನ ಹಿಂದೆ ಕೆಲವು ವಾರ ತಡವಾಗಿ ಬಡಗಕ್ಕೂ ತೆಂಕಕ್ಕೂ ಅಲೆಯುತ್ತದೆ. ಬಡಗಕ್ಕೆ ಏರಿ ಬಂದಾಗ ನಮಗೆ ಮುಂಗಾರು. ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಈ ಊರನ್ನು ಹಾಯುವುದರಿಂದ ಇಲ್ಲಿ ಮಳೆಗೆ ಎರಡು ಉಬ್ಬು: ಏಪ್ರಿಲ್ ಆಸುಪಾಸು ಒಂದು, ಅಕ್ಟೋಬರದಿಂದ ಡಿಸೆಂಬರದವರೆಗೆ ಇನ್ನೂ ದೊಡ್ಡದು. ನಡುವಿನ ಜುಲೈ ಆಗಸ್ಟ್ ತುಸು ಒಣ. ನಮ್ಮ ಆಟಿ ತಿಂಗಳ ಜಡಿಮಳೆಯ ಹೊತ್ತಿಗೆ ಇಬು ಜಾಡಿಯ ತಳ ನೋಡುತ್ತಿರುತ್ತಾರೆ.

ಸೆಪ್ಟೆಂಬರ್ 24. ಮಳೆ: 0

ಬೆಳಿಗ್ಗೆ ಪ್ರಾಂತ್ಯದ ವಸ್ತುಸಂಗ್ರಹಾಲಯ ನೋಡಿದೆವು. ಸಂಜೆಯ ಮುಂಚೆ ನದಿ ದಂಡೆಯ ಅಂಗಡಿಯಲ್ಲಿ ಬಾಳೆಹಣ್ಣಿನ ಪೋಡಿ, ಮೇಲೆ ತೆಂಗಿನ ಹಾಲಿನ ಸಿಹಿ ಸವರಿದ್ದು, ಜತೆಗೆ ಗಟ್ಟಿ ಕಾಫಿ. ಚೆನ್ನಾಗಿತ್ತು.

ಮಧ್ಯಾಹ್ನ ಐದನೇ ಜಾಡಿ ಮುಗಿಯಿತು. ಆರನೆಯದರ ಬಟ್ಟೆ ಬಿಚ್ಚುವ ಮುಂಚೆ ಇಬು ನನ್ನನ್ನು ಕೇಳಿದರು. ನಿಮ್ಮೂರಿನಲ್ಲಿ ಮಳೆಯಿಲ್ಲದೆ ಎಷ್ಟು ದಿನ ಇರುತ್ತದೆ?

ನವೆಂಬರ್ ಕೊನೆಯಿಂದ ಮೇ ಕೊನೆಯವರೆಗೆ, ನಡುವೆ ಒಂದೆರಡು ಅಡ್ಡಮಳೆ ಎಂದು ಹೇಳಿದೆ. ಅಳಿಯ ಅದನ್ನು ಹೇಳುವಾಗ ತಿಂಗಳ ಹೆಸರುಗಳನ್ನು ಒಂದೊಂದಾಗಿ ಬೆರಳು ಮಡಚಿ ಎಣಿಸಿದ. ಆರು ಬೆರಳು. ಇಬು ನಂಬಲಿಲ್ಲ. ದಿನವೆಂದು ಕೇಳಿದರೆ ತಿಂಗಳು ಹೇಳುತ್ತಿದ್ದೀಯ ಎಂದು ಅವನನ್ನು ತಿದ್ದಿದರು. ಅಲ್ಲವೆಂದಾಗ ಅವರು ಕೇಳಿದ್ದು ಒಂದೇ: ಹಾಗಾದರೆ ಎಷ್ಟು ಜಾಡಿ ಇಡುತ್ತೀರಿ?

ಬಾವಿ, ಸುರಂಗ, ಕಟ್ಟ, ಮದಕ ಎಲ್ಲ ವಿವರಿಸಿದೆ. ಗುಡ್ಡ ಕೊರೆದು ಅಡ್ಡಕ್ಕೆ ತೋಡುವ ಸುರಂಗದ ಚಿತ್ರ ಕಾಗದದಲ್ಲಿ ಬಿಡಿಸಿ ತೋರಿಸಿದೆ. ನಮ್ಮ ಜಾಡಿ ಮಣ್ಣಿನೊಳಗೇ ಇದೆ ಎಂದೆ. ಗುಡ್ಡವೇ ಇಲ್ಲದ ಊರಿನಲ್ಲಿ ಹುಟ್ಟಿ ಬೆಳೆದ ಅವರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು, ಮಡಚಿ ಇಟ್ಟುಕೊಂಡರು.

ರಾತ್ರಿ ಒಂಬತ್ತಕ್ಕೆ ಗಾಳಿ ಒಮ್ಮೆ ಬೀಸಿ ನಿಂತಿತು. ತಗಡಿನ ಮೇಲೆ ಒಂದು ಹನಿ. ಇಬು ಆಗಲೇ ಎದ್ದು ಹಿಂಬದಿಗೆ ಹೋಗಿದ್ದರು. ನಾನೂ ಹೋದೆ. ಮಳೆ ಶುರುವಾದರೂ ಅವರು ಕೊಳವೆಯನ್ನು ಜಾಡಿಗೆ ತಿರುಗಿಸಲಿಲ್ಲ. ಮೊದಲ ನೀರು ಮಾಡಿನ ಧೂಳು, ಹೊಗೆಯ ಮಸಿ ಎಲ್ಲ ತೊಳೆದು ಕಪ್ಪಾಗಿ ಕೆಸರಿಗೆ ಬೀಳುತ್ತಿತ್ತು. ಟಾರ್ಚ್ ಬೆಳಕಿನಲ್ಲಿ ಅಂಗೈಗೆ ಹಿಡಿದು ನೋಡಿದರು, ಚೆಲ್ಲಿದರು. ಮತ್ತೆ ಹಿಡಿದರು, ಚೆಲ್ಲಿದರು. ಕಾಲು ಗಂಟೆ ಕಳೆದಿರಬೇಕು. ನಾಲ್ಕನೇ ಸಲ ಹಿಡಿದ ನೀರನ್ನು ಮೂಸಿದರು, ನಾಲಿಗೆಗೆ ಮುಟ್ಟಿಸಿದರು. ಆಮೇಲೆ ಕೊಳವೆ ತಿರುಗಿಸಿದರು. ಖಾಲಿ ಜಾಡಿಯ ತಳಕ್ಕೆ ಬಿದ್ದ ನೀರಿನ ಸದ್ದು ಚೆಂಡೆಯ ಹಾಗೆ ಎದ್ದು, ನೀರೇರಿದಂತೆ ಮೆಲ್ಲಮೆಲ್ಲನೆ ಮೆತ್ತಗಾಯಿತು.

ಮಿಂಚು ಆಕಾಶದ ತುಂಬ ಇದ್ದರೂ ಮಳೆ ಮಾತ್ರ ನೂಲು ಹಿಡಿದಂತೆ ನೇರ. ಚಂಡಮಾರುತ ಎಂಬುದು ಈ ಊರಿಗೆ ಗೊತ್ತಿಲ್ಲ. ಗಾಳಿಯನ್ನು ಸುಳಿಯಾಗಿ ತಿರುಗಿಸುವುದು ಭೂಮಿಯ ತಿರುಗಾಟದ ಬಲ, ಗೆರೆಯ ಮೇಲೆ ಆ ಬಲ ಸೊನ್ನೆ.

ಸೆಪ್ಟೆಂಬರ್ 25. ಮಳೆ: 61

ಏಳೂವರೆಗೆ ಲೋಟದಲ್ಲಿ ಸ್ಕೇಲ್ ಇಳಿಸಿದೆ. 61 ಮಿ.ಮೀ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಇಬು ಮನೆಯ ಮಾಡು ಅರವತ್ತು ಚದರ ಮೀಟರ್ ಇದ್ದೀತು. ಒಂದು ರಾತ್ರಿಗೆ ಮೂರೂವರೆ ಸಾವಿರ ಲೀಟರಿಗೂ ಹೆಚ್ಚು ಸುರಿದಿತ್ತು. ಆರು ಜಾಡಿಯೂ ಕಂಠದವರೆಗೆ ತುಂಬಿ, ಉಳಿದದ್ದು ಕೆಸರು ಸೇರಿ, ಕೆಸರಿನಿಂದ ನದಿ ಸೇರಿ ಹೋಗಿತ್ತು. ಹೊಗೆಯ ವಾಸನೆ ಪೂರ್ತಿ ಇಳಿದಿತ್ತು. ನದಿಯ ಆಚೆ ದಂಡೆಯ ಮನೆಗಳ ಬಣ್ಣ ನಾನು ನೋಡಿದ್ದು ಅಂದೇ ಮೊದಲು: ಹಳದಿ, ಹಸಿರು, ನೀಲಿ.

ಮನೆಗೆ ಫೋನ್ ಮಾಡಿದೆ. ಮಗ ಹೇಳಿದ, "ಇಲ್ಲಿ ಹದಿನೆಂಟು ಅಪ್ಪ. ಉತ್ತರೆ ಇವತ್ತೂ ಬರ್ತದೆ ಕಾಣ್ತದೆ."

ಡೈರಿಯ ಒಂದೇ ಸಾಲಿನಲ್ಲಿ ಎರಡನ್ನೂ ಬರೆದೆ. ಮನೆ 18, ಪೊಂಟಿಯಾನಕ್ 61. ಅದರ ಮೇಲಿನ ಐದು ಸಾಲಿನಲ್ಲಿ ಇಲ್ಲಿಯ ಸೊನ್ನೆಗಳು.

ಹೊರಡುವಾಗ ಇಬು ಹೊಸ ನೀರನ್ನು ಕುದಿಸಿ ಆರಿಸಿ ಒಂದು ಬಾಟಲಿಯಲ್ಲಿ ತುಂಬಿ ಕೊಟ್ಟರು. ವಿಮಾನ ನಿಲ್ದಾಣದ ದಾರಿಯಲ್ಲಿ ಬಿಸಿಲು ಏರುತ್ತಿತ್ತು, ರಸ್ತೆಯ ಎರಡೂ ಬದಿಯ ಕಾಲುವೆಗಳು ಅಂಚಿನವರೆಗೆ ಕಪ್ಪಾಗಿ ತುಂಬಿದ್ದವು. ಬಾಟಲಿ ತೆರೆದು ಅರ್ಧ ನಾನು ಕುಡಿದೆ. ಉಳಿದರ್ಧ ಅಳಿಯನಿಗೆ ಕೊಟ್ಟೆ.